ಸ್ಟೀರಿಂಗ್ ಹಿಡಿಯುವ ಮೊದಲು

ಮಾರಿಷಸ್‌ನ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ನಾವು ಕೆಲವು ಗೆಳೆಯರು ಕೂತು ಮೂರು ಸಂಜೆಗಳಾದವು. ಮಕ್ಕಳ ಪ್ರಕಾರ ಇದು ಒಂದು ಗಂಟೆಯ ಕೆಲಸ. ಮುಖ್ಯ ದ್ವೀಪ ನಮ್ಮ ಕೊಡಗು ಜಿಲ್ಲೆಯ ಅರ್ಧದಷ್ಟೂ ಇಲ್ಲ. ಉದ್ದ ಸುಮಾರು 65 ಕಿಲೋಮೀಟರ್, ಅಗಲ 45. ವಾಹನಗಳು ನಮ್ಮಲ್ಲಿಯಂತೆ ಎಡಗಡೆಯೇ ಓಡುತ್ತವೆ. ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು, ಅಲ್ಲಿ ಬಾಡಿಗೆ ಕಾರು ಹಿಡಿದರೆ ಮುಗಿಯಿತು. ಜನವರಿ, ಫೆಬ್ರವರಿಯ ಚಂಡಮಾರುತದ ಕಾಲ ತಪ್ಪಿಸಿದರೆ ಸಾಕು. ಏಳು ದಿನ, ಮನಸ್ಸು ಬಂದ ಕಡೆ ಹೋಗಬಹುದು.

ಈ 'ಮನಸ್ಸು ಬಂದ ಕಡೆ' ಎಂಬ ಮಾತೇ ನಮ್ಮನ್ನು ತಡೆದು ನಿಲ್ಲಿಸಿದ್ದು.

ಆ ದ್ವೀಪದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1835ರಲ್ಲಿ. ಪರಿಹಾರದ ಹಣ ಸಿಕ್ಕಿದ್ದು ಗುಲಾಮರಿಗಲ್ಲ, ಮಾಲೀಕರಿಗೆ. ಕಬ್ಬಿನ ಗದ್ದೆಗೆ ಕೈಗಳು ಬೇಕಿದ್ದವು. 1834ರಿಂದಲೇ ಕಲ್ಕತ್ತಾ, ಮದ್ರಾಸ್, ಬೊಂಬಾಯಿ ಬಂದರುಗಳಿಂದ ಕರಾರಿನ ಕೂಲಿಗಳನ್ನು ತುಂಬಿದ ಹಡಗುಗಳು ಹೊರಟವು. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಹೀಗೆ ಹೋದವರು ಐದು ಲಕ್ಷದ ಹತ್ತಿರ. ಹೆಚ್ಚಿನವರು ಬಿಹಾರ ಮತ್ತು ಅದರ ಸುತ್ತಿನ ಭೋಜಪುರಿ ಸೀಮೆಯವರು, ಹಿಂದೂಗಳೂ ಮುಸ್ಲಿಮರೂ. ಒಂದು ದಿನ ಕೆಲಸಕ್ಕೆ ತಪ್ಪಿಸಿಕೊಂಡರೆ ಎರಡು ದಿನದ ಕೂಲಿ ಕಡಿತ. ಇವೆಲ್ಲ ಶಾಲೆಯ ಪುಸ್ತಕದಲ್ಲಿ ಒಂದೆರಡು ಸಾಲಾಗಿ ನಾವು ಓದಿ ಮರೆತ ಸಂಗತಿಗಳೇ.

ಆದರೆ 1867ರ ಕಾನೂನಿನ ವಿಷಯ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಐದು ವರ್ಷದ ಕರಾರು ಮುಗಿಸಿ, ಇನ್ನು ತಾನು ಸ್ವತಂತ್ರ ಎಂದುಕೊಂಡ ಕೂಲಿಯಾಳು ಕೂಡ ತನ್ನ ಭಾವಚಿತ್ರವಿರುವ ಚೀಟಿಯನ್ನೂ ಪೊಲೀಸರ ಪಾಸನ್ನೂ ಸದಾ ಜೇಬಿನಲ್ಲಿಟ್ಟುಕೊಳ್ಳಬೇಕಿತ್ತು. ಚೀಟಿ ಸರಿಯಿಲ್ಲದೆ ಪಕ್ಕದ ಜಿಲ್ಲೆಯಲ್ಲಿ ಸಿಕ್ಕಿಬಿದ್ದರೆ ಅವನು 'ಅಲೆಮಾರಿ'. ಅಲೆಮಾರಿಗೆ ಬಂಧನ. ನಂಟರನ್ನು ನೋಡಲು ಹೊರಟವನನ್ನೂ ಕೆಲಸ ಹುಡುಕಿ ಹೊರಟವನನ್ನೂ ಪೊಲೀಸರು ಬೇಟೆಯಾಡಿ ಹಿಡಿದರು. 1871ರಲ್ಲಿ 9,401 ಮಂದಿ ಹಳೆಯ ಕೂಲಿಗಳ ಹೆಸರಿನಲ್ಲಿ ಅರ್ಜಿಯೊಂದು ಗವರ್ನರನಿಗೆ ಹೋಯಿತು. ಅದನ್ನು ಸಿದ್ಧಪಡಿಸಲು ನೆರವಾದ ಅಡಾಲ್ಫ್ ದ ಪ್ಲೆವಿಟ್ಜ್ ಎಂಬ ಯುರೋಪಿಯನ್ನನ ಮೇಲೆ ತೋಟದ ಮಾಲೀಕರು ಹರಿಹಾಯ್ದರು. ಕೊನೆಗೆ ವಿಚಾರಣಾ ಆಯೋಗ ಬಂತು, ವರದಿಯೂ ಬಂತು.

ಕೊಡಗಿನ ಅರ್ಧದಷ್ಟೂ ಇಲ್ಲದ ನೆಲದಲ್ಲಿ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗುವುದು ಅಪರಾಧವಾಗಿತ್ತು. ಅದೇ ರಸ್ತೆಗಳಲ್ಲಿ ನಾವು ಎ.ಸಿ. ಹಾಕಿಕೊಂಡು, ಅರ್ಧ ದಿನದಲ್ಲಿ ನಾಲ್ಕು ಜಿಲ್ಲೆ ದಾಟುವ ಯೋಜನೆ ಹಾಕುತ್ತಿದ್ದೇವೆ. ಇದರಲ್ಲಿ ತಪ್ಪೇನಿದೆ? ತಪ್ಪಿಲ್ಲ. ಆದರೂ ಒಂದು ಋಣ ಇದೆಯೇ ಎಂಬುದು ಪ್ರಶ್ನೆ. ಕಬ್ಬಿನ ಗದ್ದೆಗಳ ನಡುವೆ ಕಪ್ಪು ಕಲ್ಲಿನ ದೊಡ್ಡ ರಾಶಿಗಳು ಈಗಲೂ ನಿಂತಿವೆ, ಕಾರಿನ ಕಿಟಕಿಯಿಂದಲೇ ಕಾಣುತ್ತವೆ. ಜ್ವಾಲಾಮುಖಿಯ ಆ ಕಲ್ಲುಗಳನ್ನು ಹೊಲದಿಂದ ಹೆಕ್ಕಿ ಪೇರಿಸಿದ್ದು ಇದೇ ಕೈಗಳು. ಪ್ರವಾಸಿಗೆ ಅವು ಚೆಂದದ ಪಿರಮಿಡ್ಡುಗಳು.

ಕುರ್‌ಆನ್ ಭೂಮಿಯಲ್ಲಿ ಸಂಚರಿಸಲು ಮತ್ತೆ ಮತ್ತೆ ಹೇಳುತ್ತದೆ. ಹೆಚ್ಚಿನ ಕಡೆ ಅದು ನೋಡಲು ಹೇಳುವುದು ಹಿಂದಿನವರಿಗೆ ಏನಾಯಿತು ಎಂಬುದನ್ನು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ಮುಸಾಫಿರನೆಂದರೆ ಕಷ್ಟದಲ್ಲಿರುವವನು, ಆಸರೆ ಬೇಕಾದವನು ಎಂಬ ತಿಳಿವಳಿಕೆ ಅಲ್ಲಿದೆ. ಕ್ರೆಡಿಟ್ ಕಾರ್ಡ್ ತೋರಿಸಿ ಕಾರಿನ ಕೀಲಿ ಪಡೆಯುವ ನಾವು ಯಾವ ಸೀಮೆಯ ಮುಸಾಫಿರರು! ಖಸ್ರ್ ನಮಾಝಿನ ರಿಯಾಯಿತಿ ಮಾತ್ರ ನಮಗೂ ಇದೆ.

ನಮ್ಮ ಪಟ್ಟಿಯ ಹುಳುಕು ಆಗ ಕಂಡಿತು. ರಾಜಧಾನಿ ಪೋರ್ಟ್ ಲೂಯಿಯ ಜುಮ್ಮಾ ಮಸೀದಿ ಮೊದಲ ದಿನವೇ ಇತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ತಮ್ಮದೇ ದುಡ್ಡಿನಲ್ಲಿ ಹಡಗು ಹತ್ತಿ ಬಂದ ಗುಜರಾತಿನ ವರ್ತಕರು ಕಟ್ಟಲು ತೊಡಗಿದ ಮಸೀದಿ ಅದು. ಅಲ್ಲಿಂದ ನಡೆದೇ ಹೋಗಬಹುದಾದ ಆಪ್ರವಾಸಿ ಘಾಟ್ ಪಟ್ಟಿಯಲ್ಲಿರಲಿಲ್ಲ. ಕೂಲಿಗಳು ಹಡಗಿನಿಂದಿಳಿದು ಹತ್ತಿದ ಹದಿನಾರು ಮೆಟ್ಟಿಲುಗಳು ಅಲ್ಲಿವೆ. 2006ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. 'ನಮ್ಮವರು' ಎಂದು ಹುಡುಕುವಾಗಲೂ ನಾವು ವರ್ತಕರನ್ನೇ ಹುಡುಕಿಕೊಂಡಿದ್ದೆವು.

ಘಾಟನ್ನು ಸೇರಿಸೋಣ ಎಂದಾಗ ಗೆಳೆಯರೊಬ್ಬರು ಒಪ್ಪಲಿಲ್ಲ. "ದುಡ್ಡು ಕೊಟ್ಟು ದುಃಖ ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ?" ಎಂದರು. ಅವರು ಗಲ್ಫಿನ ಒಂದು ಮನೆಯಲ್ಲಿ ಹನ್ನೆರಡು ವರ್ಷ ಡ್ರೈವರಾಗಿದ್ದವರು. ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿತ್ತು. ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದ ದಿನ ಮಾಲೀಕನ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದರು. ಅವರಿಗೆ ಆ ಮೆಟ್ಟಿಲುಗಳನ್ನು ನಾವು ತೋರಿಸಬೇಕಾಗಿಲ್ಲ. ನೋಡಬೇಕಾದವರು ಎಂದೂ ಯಾರೂ ತಡೆಯದ ನಾವು. 2020ರ ಮೇ ತಿಂಗಳಲ್ಲಿ ಕಟ್ಟಡ ನಿರ್ಮಾಪಕರ ಜೊತೆ ಮಾತುಕತೆಯಾದ ಬೆನ್ನಿಗೇ ನಮ್ಮ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲುಗಳು ಬೇಡವೆಂದಿತು. ಟೀಕೆ ಬಂದ ಮೇಲೆ ಒಂದೆರಡು ದಿನಗಳಲ್ಲಿ ಮನಸ್ಸು ಬದಲಿಸಿತು. ಆಗ ರೈಲಿಗೆ ಕಾದವರಲ್ಲಿ ಬಿಹಾರದವರು ಬಹಳ ಮಂದಿ. ನಾವು ಮನೆಯಲ್ಲಿ ಕೂತು ಟಿ.ವಿ. ನೋಡುತ್ತಿದ್ದೆವು.

ಲ ಮೋರ್ನ್ ಬೆಟ್ಟದ ವಿಷಯದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ತಪ್ಪಿಸಿಕೊಂಡ ಗುಲಾಮರು ಅಡಗಿದ್ದ ಬೆಟ್ಟ ಅದು. ಬಿಡುಗಡೆಯ ಸುದ್ದಿ ಹೇಳಲು ಬಂದ ಪೊಲೀಸರನ್ನು ಕಂಡು, ಹಿಡಿಯಲು ಬಂದರೆಂದು ಹೆದರಿ ಅವರು ಮೇಲಿಂದ ಹಾರಿದರೆಂದು ಅಲ್ಲಿನ ಜನ ಹೇಳಿಕೊಂಡು ಬಂದಿದ್ದಾರೆ. ಮಕ್ಕಳಿಗೆ ತುದಿಯಲ್ಲಿ ನಿಂತು ಫೋಟೋ ತೆಗೆಯುವ ಆಸೆ. ಬುಡದಲ್ಲೇ ನಿಂತು ಬರೋಣ ಎಂಬುದು ನಮ್ಮ ವಾದ. ಹತ್ತಿದರೆ ಅಪಮಾನವೇ ಎಂದು ಮಗಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಘಾಟ್ ಮಾತ್ರ ಮೊದಲ ದಿನಕ್ಕೆ ಸೇರಿತು, ಕಾರು ಪಡೆಯುವುದಕ್ಕೂ ಮೊದಲು, ನಡೆದು ಹೋಗುವಂತೆ. ಗಲ್ಫಿನ ಗೆಳೆಯರು ಕೊನೆಗೆ ಬರುತ್ತೇನೆಂದರು, ಒಂದು ಷರತ್ತಿನ ಮೇಲೆ. ನಾಲ್ಕನೆಯ ದಿನ ಕಾರು ಅವರ ಕೈಯಲ್ಲಿರಬೇಕು, ಎಲ್ಲಿಗೆ ಎಂದು ಯಾರೂ ಹೇಳಬಾರದು. ಪಟ್ಟಿಯಲ್ಲಿ ಆ ದಿನದ ಎದುರಿಗೆ ನಾವು ಏನೂ ಬರೆದಿಲ್ಲ.