ದೂರ ಇದ್ದವರೂ ಸಂಘದವರೇ

ಬಂಧುಗಳೇ, ಇಂದಿನ ಚಿಂತನೆ.

ಮನೆಯಲ್ಲೇ ಕೂತು ಬೇರೆಯವರ ಕೆಲಸ ಮಾಡುವುದು ರಬಕವಿ-ಬನಹಟ್ಟಿಯವರಿಗೆ ಹೊಸದಲ್ಲ. ಮಾಲೀಕರಿಂದ ನೂಲು ತಂದು, ಮನೆಯ ಮಗ್ಗದಲ್ಲಿ ಸೀರೆ ನೇಯ್ದು ಕೊಟ್ಟು, ಮಜೂರಿ ಎಣಿಸಿಕೊಂಡು ಬರುವವರು ಇಲ್ಲಿ ಓಣಿ ಓಣಿಗೂ ಇದ್ದಾರೆ. ಮಗ್ಗದ ಸಪ್ಪಳವೇ ನೇಕಾರನ ಹಾಜರಿ. ಮಡಿಸಿಟ್ಟ ಸೀರೆಯೇ ಅವನ ಲೆಕ್ಕ.

ನಮ್ಮಕ್ಕನ ಮಗನೂ ಬನಹಟ್ಟಿಯ ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಕಂಪನಿಗೆ ದುಡಿಯುತ್ತಾನೆ. ಅವನ ಕೆಲಸಕ್ಕೆ ಸಪ್ಪಳವಿಲ್ಲ. ಅಪ್ಪನಿಗೆ ಲಕ್ವಾ ಹೊಡೆದ ಮೇಲೆ ಅನುಮತಿ ಕೇಳಿ ಊರಿಗೆ ಬಂದ. ತಂಡದ ಉಳಿದ ಹನ್ನೊಂದು ಮಂದಿ ಆಫೀಸಿನಲ್ಲೇ ಇದ್ದಾರೆ. ಕಳೆದ ತಿಂಗಳು ನಾನು ಜಮಖಂಡಿಯಿಂದ ಅವರ ಮನೆಗೆ ಹೋದಾಗ ಹುಡುಗನ ಮುಖ ಬಾಡಿತ್ತು.

"ಮಾಮಾ, ಅವ್ರು ಚಾ ಕುಡಿಯುವಾಗ ಎಲ್ಲಾ ಮಾತಾಡಿ ಮುಗಿಸ್ತಾರ. ನನಗ ಎರಡು ದಿನ ಆದಮ್ಯಾಲೆ ಗೊತ್ತಾಗ್ತದ. ಮೀಟಿಂಗಿನ್ಯಾಗ ಎಲ್ಲಾರೂ ನಗ್ತಾರ, ಯಾಕಂತ ನನಗ ತಿಳಿಯೂದಿಲ್ಲ. ಈ ಸಲ ಬಡ್ತಿ ಪಟ್ಟಿಯೊಳಗ ನನ್ನ ಹೆಸರೂ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದನ್ನೂ ಹೇಳಿದ. ಲ್ಯಾಪ್‌ಟಾಪ್ ಮುಟ್ಟದೆ ಕೆಲವು ನಿಮಿಷವಾದರೆ ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರುತ್ತದಂತೆ. ಬೆಳಿಗ್ಗೆ ಅಪ್ಪನಿಗೆ ಸ್ನಾನ ಮಾಡಿಸುವಾಗ ಅದು ಆರದಿರಲೆಂದು, ಮೌಸನ್ನು ತಾನಾಗಿ ಅಲ್ಲಾಡಿಸುವ ಸಣ್ಣ ಯಂತ್ರವೊಂದನ್ನು ತರಿಸಿ ಇಟ್ಟಿದ್ದ. "ಇದು ಸುಳ್ಳ ಏನ್ ಮಾಮಾ?" ಎಂದು ಕೇಳಿದ.

ಸುಳ್ಳೇ. ಬಾಯಿಂದ ಹೇಳದೆ ನಂಬಿಸಿದರೂ ನಾಲ್ಕನೆಯ ಶೀಲ ಕೆಡುತ್ತದೆ. ಆದರೆ ಅವನಿಗೆ ಉಪದೇಶ ಮಾಡಲು ಹೊರಟಾಗ ನನ್ನದೇ ಒಂದು ತಪ್ಪು ನೆನಪಾಯಿತು.

2020ರಲ್ಲಿ ಶಾಲೆ ಮುಚ್ಚಿದಾಗ ನಾನು ಮೊಬೈಲಿನಲ್ಲಿ ಪಾಠ ಕಳಿಸುತ್ತಿದ್ದೆ. "ಯಸ್ ಸರ್" ಎಂದು ಬರೆದವರಷ್ಟೇ ನನಗೆ ಹಾಜರು. ಒಬ್ಬ ಹುಡುಗಿ ಒಂದು ದಿನವೂ ಉತ್ತರಿಸಲಿಲ್ಲ. ಓದು ಬಿಟ್ಟಳೆಂದು ತೀರ್ಮಾನಿಸಿದೆ. ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆ ಬಂತು. ಮಕ್ಕಳಿದ್ದಲ್ಲಿಗೇ ಶಿಕ್ಷಕರು ಹೋಗಬೇಕಾಯಿತು. ಸಮುದಾಯ ಭವನದ ಕಟ್ಟೆಯ ಮೇಲೆ ಆ ಹುಡುಗಿ ನೋಟ್‌ಬುಕ್ ತೆರೆದು ತೋರಿಸಿದಳು. ಮನೆಯಲ್ಲಿ ಮೊಬೈಲ್ ಇರಲಿಲ್ಲ. ಪಕ್ಕದ ಮನೆಯ ಗೆಳತಿಯಿಂದ ಎಲ್ಲ ಪಾಠಗಳನ್ನೂ ಬರೆದುಕೊಂಡಿದ್ದಳು. ದೂರ ಇದ್ದವನು ನಾನು.

ಇತಿವುತ್ತಕದಲ್ಲಿ ಭಗವಾನರು ಹೇಳಿದ್ದು ಇದನ್ನೇ. ಭಿಕ್ಷುವೊಬ್ಬ ಅವರ ಚೀವರದ ಅಂಚು ಹಿಡಿದು ಹಿಂದೆಯೇ ನಡೆದರೂ, ಮನಸ್ಸಿನಲ್ಲಿ ಲೋಭ ದ್ವೇಷ ತುಂಬಿಕೊಂಡು ಎಚ್ಚರ ತಪ್ಪಿದ್ದರೆ ಅವನು ದೂರದವನು. ನೂರು ಯೋಜನ ಆಚೆಗಿದ್ದೂ ಎಚ್ಚರದಿಂದ ಧಮ್ಮ ಕಂಡವನು ಹತ್ತಿರದವನು. ಒಂದೇ ಕೋಣೆಯಲ್ಲಿ ಕೂರಿಸಿಯೂ ದೂರ ಇಡಬಹುದೆಂಬುದು ಬಾಬಾಸಾಹೇಬರ ಬದುಕು ಬಲ್ಲ ನಮಗೆ ಗೊತ್ತು. ನಮ್ಮ ಕೃಷ್ಣೆ ಹುಟ್ಟುವ ಸಾತಾರಾ ಸೀಮೆಯ ಶಾಲೆಯಲ್ಲಿ ಅವರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು.

ಹಾಗಾದರೆ ದೂರವೇ ಇದ್ದುಬಿಡಬಹುದೇ? ಮಹಾಕಪ್ಪಿನ ಥೇರರಿಗೂ ಇದೇ ಯೋಚನೆ ಬಂದಿತ್ತು. ನಾನು ಶುದ್ಧನಾಗಿದ್ದೇನೆ, ಉಪೋಸಥಕ್ಕೆ ಹೋಗಲೇಬೇಕೇ ಎಂದುಕೊಂಡರು. ಭಗವಾನರು ತಾವೇ ಅವರಿದ್ದಲ್ಲಿಗೆ ಬಂದು, ಹೋಗಲೇಬೇಕು ಎಂದರು. ನಿಮ್ಮಂಥವರೇ ಉಪೋಸಥವನ್ನು ಗೌರವಿಸದಿದ್ದರೆ ಮತ್ತಾರು ಗೌರವಿಸಿಯಾರು ಎಂದು ಕೇಳಿದರು.

ಬರಲಾಗದವರ ವಿಷಯವೂ ವಿನಯದ ಮಹಾವಗ್ಗದಲ್ಲಿದೆ. ಕಾಯಿಲೆಯ ಭಿಕ್ಷು ತನ್ನ ಪಾರಿಶುದ್ಧಿಯನ್ನು ಇನ್ನೊಬ್ಬರ ಮೂಲಕ ಸಂಘಕ್ಕೆ ತಿಳಿಸಬೇಕು. ಅದಾಗದಿದ್ದರೆ ಅವನನ್ನು ಮಂಚದ ಸಮೇತ ಸಂಘದ ನಡುವೆ ತರಬೇಕು. ಅಲುಗಾಡಿಸಿದರೆ ಕಾಯಿಲೆ ಹೆಚ್ಚುವುದಾದರೆ, ಸಂಘವೇ ಅವನಿದ್ದಲ್ಲಿಗೆ ಹೋಗಬೇಕು. ಅವನೊಬ್ಬನನ್ನು ಬಿಟ್ಟು ಉಪೋಸಥ ಮಾಡುವಂತಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ನೀನು ಅಡಗಬೇಡ, ನಿನ್ನನ್ನು ಮರೆಯುವುದಕ್ಕೂ ಅವರಿಗೆ ಬಿಡಬೇಡ ಎಂದೆ. ಮರುದಿನ ಅವನು ಮ್ಯಾನೇಜರಿಗೆ ಫೋನ್ ಮಾಡಿದ. ಬೆಳಿಗ್ಗೆ ಒಂದು ತಾಸು ಅಪ್ಪನ ಸೇವೆಗೆ ಬೇಕು, ಆ ಹೊತ್ತಿನ ಕೆಲಸ ರಾತ್ರಿ ಮುಗಿಸುತ್ತೇನೆ ಎಂದು ನೇರವಾಗಿ ಹೇಳಿದ. ಯಂತ್ರದ ವಿಷಯವನ್ನೂ ಒಪ್ಪಿಕೊಂಡ. ಚಾ ಹೊತ್ತಿನಲ್ಲಿ ಏನಾದರೂ ತೀರ್ಮಾನವಾದರೆ ಗ್ರೂಪಿನಲ್ಲಿ ಒಂದು ಸಾಲು ಬರೆಯಿರಿ ಎಂದು ಕೇಳಿಕೊಂಡ. ತಿಂಗಳಿಗೊಮ್ಮೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಬರುತ್ತೇನೆಂದ. ಆ ಎರಡು ದಿನ ಅವರಪ್ಪನನ್ನು ನೋಡಿಕೊಳ್ಳುವ ಪಾಳಿ ನನ್ನದು.

ಮ್ಯಾನೇಜರು ಮೊದಲು ಸಿಟ್ಟಾದರಂತೆ, ಆಮೇಲೆ ಆ ಒಂದು ತಾಸು ಕೊಟ್ಟರಂತೆ. ಆ ಒಂದು ಸಾಲು ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಬಡ್ತಿ ಇನ್ನೂ ಸಿಕ್ಕಿಲ್ಲ. ಆದರೆ ಈಗ ಅಪ್ಪನ ಮೈ ಉಜ್ಜುವಾಗ ಬಾಗಿಲ ಕಡೆ ನೋಡುತ್ತ ಅವಸರ ಮಾಡುವುದಿಲ್ಲ ಎಂದು ಅಕ್ಕ ಹೇಳಿದಳು.

ಇಂದಿನ ಅಭ್ಯಾಸ: ಮುಧೋಳ, ಬೀಳಗಿ ಕಡೆಯ ನಮ್ಮ ಕೆಲವು ಬಂಧುಗಳು ಭಾನುವಾರದ ಅಧ್ಯಯನಕ್ಕೆ ಬರದೆ ಬಹಳ ದಿನವಾಯಿತು. ಇಂದು ಒಬ್ಬರಿಗಾದರೂ ಫೋನ್ ಮಾಡೋಣ. ಯಾಕೆ ಬರಲಿಲ್ಲ ಎಂದು ಕೇಳುವುದು ಬೇಡ. ಹೋದ ವಾರ ಏನು ಓದಿದೆವೆಂದು ಹೇಳಿ, ನಿಮಗೇನು ಅನಿಸುತ್ತದೆ ಎಂದು ಕೇಳೋಣ.

ಸರ್ವರಿಗೂ ಮಂಗಲವಾಗಲಿ.