ಮಾಳಿಗೆಯ ಸುತ್ತಣ ಗೋಡೆ

(ಧರ್ಮೋಪದೇಶಕಾಂಡ ೨೨: ೮)



ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಗೋಡೆಯನ್ನು ಎತ್ತಿಸಬೇಕೆಂದೂ, ಹಾಗೆ ಮಾಡದೆ ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ದೋಷವು ಮನೆಯ ಮೇಲೆ ಬರುವದೆಂದೂ ದೇವರು ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ವಿಧಿಸಿದನು. ಇಲ್ಲಿ ನಾವು ಎರಡು ಸಂಗತಿಗಳನ್ನು ಗಮನಿಸೋಣ. ದೇವರು ಮಾಳಿಗೆಯನ್ನು ಹತ್ತಲೇಬಾರದೆಂದು ಹೇಳಲಿಲ್ಲ, ಗೋಡೆಯನ್ನು ಕಟ್ಟಬೇಕೆಂದು ಹೇಳಿದನು. ಮತ್ತು ಅದನ್ನು ಕಟ್ಟತಕ್ಕವನು ಅಲ್ಲಿ ಆಡುವ ಮಗುವಲ್ಲ, ಮನೆಯ ಯಜಮಾನನು.

ನಮ್ಮ ಮಕ್ಕಳ ವಿಷಯದಲ್ಲಿ ನಾವು ಈ ಎರಡನ್ನೂ ಮರೆಯುತ್ತೇವೆ. ನಮ್ಮಲ್ಲಿ ಕೆಲವರು ಭಯದಿಂದ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಮನೆಯೊಳಗೆ ಕೂಡ್ರಿಸುತ್ತೇವೆ. ಕೆಲವರು ಮಗನು ಎಲ್ಲಿ ಹೋದನು, ಯಾರ ಸಂಗಡ ಇದ್ದನು ಎಂದು ವಿಚಾರಿಸುವದೇ ಇಲ್ಲ. ಹನ್ನೆರಡು ವರುಷದ ಯೇಸುವನ್ನು ನೆನಸಿರಿ. ಅವನು ನೆಂಟರ ಗುಂಪಿನಲ್ಲಿರುವನೆಂದು ನಂಬಿ ಯೋಸೇಫನೂ ಮರಿಯಳೂ ಒಂದು ದಿನದ ಹಾದಿ ನಡೆದರು. ಕಾಣದೆ ಹೋದಾಗ ಸುಮ್ಮನಿರದೆ ಹಿಂದಿರುಗಿ ಹುಡುಕಿದರು. ಸಿಕ್ಕಿದಾಗ ಪ್ರಶ್ನೆ ಮಾಡಿದರು, ಅವನ ಉತ್ತರವನ್ನೂ ಕೇಳಿದರು. ಮಕ್ಕಳನ್ನು ನಂಬುವದೂ ವಿಚಾರಿಸುವದೂ ಎರಡೂ ತಂದೆತಾಯಿಗಳ ಕೆಲಸವೇ. ಬೀದಿಗಳಲ್ಲಿ ಹುಡುಗರೂ ಹುಡುಗಿಯರೂ ತುಂಬಿ ಆಡುವರೆಂಬದು ಜೆಕರ್ಯನು ಯೆರೂಸಲೇಮಿಗೆ ತಿಳಿಸಿದ ಆಶೀರ್ವಾದವಾಗಿತ್ತಷ್ಟೆ.

ಎಷ್ಟು ಎಚ್ಚರವಾಗಿದ್ದರೂ ದುಷ್ಟನು ಮಗುವಿಗೆ ಕೇಡು ಮಾಡಿಯಾನು. ಅವನು ಅನೇಕ ಸಾರಿ ಪರಊರಿನವನಲ್ಲ. ನೆಂಟನು, ನೆರೆಯವನು, ಸಭೆಯಲ್ಲಿ ಮುಂದೆ ಕೂಡ್ರುವವನು. ಆಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ಯಾವದು? “ನೀನು ಅಲ್ಲಿಗೆ ಯಾಕೆ ಹೋದೆ?” ಅಯ್ಯೋ, ಗೋಡೆ ಕಟ್ಟದ ನಾವು ಬಿದ್ದ ಕೂಸನ್ನು ಬೈಯುತ್ತೇವಲ್ಲಾ! ಅದೇ ಅಧ್ಯಾಯದಲ್ಲಿ, ಹೊಲದಲ್ಲಿ ಬಲಾತ್ಕಾರಕ್ಕೆ ಒಳಗಾದ ಹುಡುಗಿಯಲ್ಲಿ ಯಾವ ಅಪರಾಧವೂ ಇಲ್ಲವೆಂದೂ, ದೋಷವೆಲ್ಲಾ ಆ ಪುರುಷನದೇ ಎಂದೂ ದೇವರು ತೀರ್ಪು ಕೊಟ್ಟಿದ್ದಾನೆ. ಆತನು ನಿರಪರಾಧಿ ಎಂದವಳನ್ನು ನಾವು ಅಪರಾಧಿ ಎನ್ನಬಹುದೋ?

ಸಭೆಯ ಮಾನ ಹೋಗುವದೆಂದು ಹೆದರಿ ಹಿರಿಯರು ಇಂಥ ಸಂಗತಿಯನ್ನು ಒಳಗೊಳಗೇ ತೀರಿಸುವದುಂಟು. ಇದು ಪಾಪ, ದೇಶದ ಕಾಯಿದೆಗೂ ವಿರೋಧ. ೨೦೧೨ರ ಪೋಕ್ಸೋ ಕಾಯಿದೆಯ ಪ್ರಕಾರ, ಹದಿನೆಂಟು ವರುಷ ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದನ್ನು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟವರಿಗೆ ಆರು ತಿಂಗಳ ವರೆಗೆ ಸೆರೆ ಇಲ್ಲವೆ ದಂಡ, ಅಥವಾ ಎರಡೂ ಆಗಬಹುದು. ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರುಷದ ವರೆಗೆ ಸೆರೆಯೂ ದಂಡವೂ ಉಂಟು. ಮಗುವು ಠಾಣೆಗೆ ಹೋಗಬೇಕಾದದ್ದಿಲ್ಲ. ಸಮವಸ್ತ್ರವಿಲ್ಲದ ಪೊಲೀಸರು ಮನೆಗೇ ಬಂದು ಹೇಳಿಕೆ ಬರೆದುಕೊಳ್ಳತಕ್ಕದ್ದು. ಅದರ ಹೆಸರನ್ನು ಪತ್ರಿಕೆಗಳು ಪ್ರಕಟಿಸಕೂಡದು. ೧೦೯೮ಕ್ಕೆ ಹಗಲಾಗಲಿ ರಾತ್ರಿಯಾಗಲಿ ದುಡ್ಡಿಲ್ಲದೆ ಫೋನು ಮಾಡಬಹುದು.

ತಪ್ಪು ಮಾಡಿದವನು ಕಣ್ಣೀರಿಟ್ಟು ಕ್ಷಮೆ ಬೇಡಿದರೆ ಏನು ಮಾಡೋಣ? ಅವನಿಗೋಸ್ಕರ ಪ್ರಾರ್ಥಿಸೋಣ, ಆದರೆ ನ್ಯಾಯಾಧಿಪತಿಯಿಂದ ಅವನನ್ನು ಅಡಗಿಸದಿರೋಣ, ಮಕ್ಕಳ ಬಳಿಗೆ ಪುನಃ ಬಿಡದಿರೋಣ. ಚಿಕ್ಕವರಲ್ಲಿ ಒಬ್ಬನಿಗೆ ಕೇಡು ಮಾಡುವವನ ವಿಷಯದಲ್ಲಿ ಕರ್ತನು ಬೀಸುವ ಕಲ್ಲನ್ನೂ ಸಮುದ್ರದ ಆಳವನ್ನೂ ಹೇಳಿದನೆಂಬದನ್ನು ಮರೆಯಬಾರದು.

ಪ್ರಿಯರೇ, ಈ ಸಾಯಂಕಾಲ ಕುಟುಂಬ ಪ್ರಾರ್ಥನೆಯಾದ ಮೇಲೆ ಮಕ್ಕಳನ್ನು ಹತ್ತಿರ ಕರೆದು, ಏನು ನಡೆದರೂ ನಮಗೆ ಹೇಳಿರಿ, ನಾವು ಬೈಯುವದಿಲ್ಲ, ನಂಬುತ್ತೇವೆ ಎಂದು ಮಾತು ಕೊಡೋಣ. ಅದೇ ಗೋಡೆಯ ಮೊದಲನೆಯ ಕಲ್ಲು. ಅದನ್ನು ಕಟ್ಟಿ ಮುಗಿಸುವ ಬಲವನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.