ಮಡಕೆ ಕಟ್ಟಿದ ಕೈ

ನಮ್ಮ ಮನೆಯಲ್ಲಿ ರಾತ್ರಿಭೋಜನ ತ್ಯಾಗವನ್ನು ಒಂದು ದಿನವೂ ತಪ್ಪದೆ ಪಾಲಿಸುವ ಜೀವಗಳು ಮೂರು. ಎಂಬತ್ತಾರು ವರ್ಷದ ನಮ್ಮ ಅತ್ತೆ, ಮತ್ತು ವರಾಂಡದಲ್ಲಿರುವ ಎರಡು ಹಕ್ಕಿ. ಹೊತ್ತು ಮುಳುಗಿತೆಂದರೆ ಹಕ್ಕಿಗಳು ಕಾಳಿನ ಕಡೆ ತಿರುಗಿ ನೋಡುವುದಿಲ್ಲ. ನಾನು ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳು. ಸ್ಪೆಷಲ್ ಕ್ಲಾಸು, ಬಸ್ಸು ಎಲ್ಲ ಮುಗಿಸಿ ಏಳೂವರೆಗೆ ಉಣ್ಣುವುದೇ ರೂಢಿಯಾಗಿಬಿಟ್ಟಿದೆ. ನಿವೃತ್ತಿಯಾದ ಮೇಲೂ ಅದು ಬಿಟ್ಟಿಲ್ಲ. 'ಆ ಹಕ್ಕಿಗಿರೋ ಧರ್ಮ ನಿನಗಿಲ್ಲವಲ್ಲೇ' ಎಂದು ಅತ್ತೆ ನಗುತ್ತಾರೆ. ಧರ್ಮದ ಮಾತಿಗೆ ಬಂದರೆ ಆ ಹಕ್ಕಿಗಳಿಂದ ನನಗೆ ಬಂದೊದಗಿದ ಇಕ್ಕಟ್ಟು ಊಟದ ಹೊತ್ತಿನದಲ್ಲ.

ಅವು ಬಂದದ್ದು 2020ರಲ್ಲಿ, ಮೊದಲ ಲಾಕ್‌ಡೌನ್ ಸಡಿಲಾದ ಮೇಲೆ. ಶಾಲೆಯಿಲ್ಲದೆ ಮಂಕಾಗಿದ್ದ ಮೊಮ್ಮಗಳ ಹಟಕ್ಕೆ ಹಾಸನದ ಒಂದು ಅಂಗಡಿಯಿಂದ 'ಲವ್ ಬರ್ಡ್ಸ್' ತಂದೆವು. ಊರೆಲ್ಲ ಕರೆಯುವ ಹೆಸರು ಅದು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಇವು ಆಸ್ಟ್ರೇಲಿಯಾದ ಬಡ್ಜಿಗಳು. ನಮ್ಮ ಹೊಲದ ಗಿಳಿಯನ್ನು ಪಂಜರದಲ್ಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಹೊರನಾಡಿನ ಈ ಗಿಳಿಗೆ ಆ ರಕ್ಷಣೆಯಿಲ್ಲ. ಹಸಿರು ಗಂಡಿಗೆ ಪಚ್ಚೆ, ನೀಲಿ ಹೆಣ್ಣಿಗೆ ಚುಕ್ಕಿ ಎಂದು ಮೊಮ್ಮಗಳು ಹೆಸರಿಟ್ಟಳು. ಗಂಡೋ ಹೆಣ್ಣೋ ಎಂಬುದನ್ನು ಕೊಕ್ಕಿನ ಮೇಲಿನ ತಿರುಳಿನ ಬಣ್ಣದಿಂದ ತಿಳಿಯಬೇಕು, ನೀಲಿಯಾದರೆ ಗಂಡು, ಕಂದು ತಿರುಗಿದರೆ ಹೆಣ್ಣು. 'ರೆಕ್ಕೆ ಕಟ್ ಮಾಡಿ ಕೊಡ್ಲಾ ಮೇಡಂ? ಹಾರೋಗಲ್ಲ' ಎಂದ ಅಂಗಡಿಯ ಹುಡುಗ. ಬೇಡ ಎಂದೆ. ಬೇಡ ಎಂದದ್ದಕ್ಕೆ ನನಗೆ ನನ್ನ ಬಗ್ಗೆಯೇ ಸ್ವಲ್ಪ ಹೆಮ್ಮೆಯಾಯಿತು.

ಆ ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಬಸದಿಯಲ್ಲಿ ಭಾನುವಾರದ ಸ್ವಾಧ್ಯಾಯ ಮತ್ತೆ ಶುರುವಾದಾಗ ಓದುತ್ತಿದ್ದದ್ದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ. ಅಹಿಂಸಾಣುವ್ರತ ಹಿಡಿದ ಗೃಹಸ್ಥನಿಗೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು, ಉಮಾಸ್ವಾತಿ ಹೇಳುತ್ತಾನೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಾನು ಅಂಗಡಿಯಲ್ಲಿ ಬೇಡವೆಂದದ್ದು ಮೂರನೆಯದನ್ನು. ಮೊದಲನೆಯದನ್ನು ದುಡ್ಡು ಕೊಟ್ಟು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಿದ್ದೆ. ಜೀವಕ್ಕೆ ಕರ್ಮ ಅಂಟಿಕೊಳ್ಳುವುದಕ್ಕೂ ಆತ ಬಳಸುವುದು ಇದೇ ಪದವನ್ನು, ಬಂಧ ಎಂದೇ. ಹಕ್ಕಿಯನ್ನು ಕಟ್ಟುವುದೂ ನಾನು ಕಟ್ಟಿಸಿಕೊಳ್ಳುವುದೂ ಒಂದೇ ಮಾತಿನೊಳಗೆ ಇವೆ. ಪರೀಕ್ಷೆಗೆಂದು ಎಷ್ಟೋ ಮಕ್ಕಳಿಗೆ ನಾನಾರ್ಥಪದ ಬರೆಸಿದವಳಿಗೆ ಇದು ಅಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ.

ಪಾಠ ಮುಗಿದ ಮೇಲೆ ಪಂಡಿತರನ್ನು ಕೇಳಿದೆ. ಅವರು ಗಾಬರಿಪಡಲಿಲ್ಲ. 'ಹಸೂನ ಕಟ್ಟಲ್ವೇ ಟೀಚರಮ್ಮ? ಕಟ್ಟಿ, ಆದರೆ ಬೆಂಕಿಗಿಂಕಿ ಬಿದ್ದರೆ ತಕ್ಷಣ ಬಿಚ್ಚೋ ಹಾಗೆ ಸಡಿಲವಾಗಿ ಕಟ್ಟಿ. ಕೋಪದಿಂದ, ಲೋಭದಿಂದ ಬಿಗಿದರೆ ಅತಿಚಾರ' ಎಂದರು. ಮನೆಗೆ ಬಂದವಳೇ ಪಂಜರದ ಬಾಗಿಲು ನೋಡಿದೆ. ಮೇಲೆತ್ತಿ ಬಿಟ್ಟರೆ ತಾನೇ ಬೀಳುವ ಬಾಗಿಲು ಅದು. ನನ್ನ ಕಡೆಯಿಂದ ಬಹಳ ಸಡಿಲ. ಒಳಗಿನಿಂದ ತೆಗೆಯಲು ಬರುವುದಿಲ್ಲ.

ಬಿಟ್ಟುಬಿಡಬಹುದಿತ್ತಲ್ಲ ಎನ್ನುತ್ತಾರೆ. ದೆಹಲಿಯ ಕೆಂಪುಕೋಟೆಯ ಎದುರು, ಲಾಲ್ ಮಂದಿರದ ಆವರಣದಲ್ಲಿ ನಮ್ಮ ಜೈನರದೇ ಹಕ್ಕಿ ಆಸ್ಪತ್ರೆಯಿದೆ. ಅಲ್ಲಿಗೆ ತಂದ ಹಕ್ಕಿ ವಾಸಿಯಾದರೆ ಒಡೆಯನಿಗೆ ಹಿಂದಿರುಗಿಸದೆ ಆಕಾಶಕ್ಕೆ ಬಿಡುತ್ತಾರೆ. ಅದು ಪಾರಿವಾಳಕ್ಕೆ ಆದೀತು, ಆ ಆಕಾಶ ಅದರದೇ. ಚುಕ್ಕಿಗೆ ಹಾಸನದಲ್ಲಿ ಯಾವ ಆಕಾಶವಿದೆ? 1840ರಲ್ಲಿ ಜಾನ್ ಗೌಲ್ಡ್ ಎಂಬಾತ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಈ ಕುಲದ ಒಂದು ಕವಲು ಪಂಜರದಲ್ಲೇ ಹುಟ್ಟಿ ಪಂಜರದಲ್ಲೇ ಸಾಯುತ್ತ ಬಂದಿದೆ. ನಮ್ಮ ಬೀದಿಯಲ್ಲೊಬ್ಬರು ಪುಣ್ಯ ಬರಲೆಂದು ಒಂದು ಹಕ್ಕಿಯನ್ನು ಬಿಟ್ಟರು. ಕರೆಂಟ್ ತಂತಿಯ ಮೇಲೆ ಕೂತು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದ ಅದನ್ನು ಕಾಗೆಗಳು ಕಾಲು ಗಂಟೆಯೂ ಬಿಡಲಿಲ್ಲ.

ಹಾಗಾಗಿ ನಾವು ನಡುದಾರಿ ಹಿಡಿದೆವು. ಮಧ್ಯಾಹ್ನ ವರಾಂಡದ ಜಾಲರಿ ಬಾಗಿಲು ಹಾಕಿ, ಪಂಜರ ತೆರೆದು, ಫ್ಯಾನ್ ಆರಿಸಿ ಎರಡು ಗಂಟೆ ಹಾರಲು ಬಿಡುವುದು. ಏಪ್ರಿಲ್ ಸೆಕೆಯಲ್ಲಿ ಫ್ಯಾನಿಲ್ಲದೆ ಕೂರುವುದು ನಮ್ಮವರಿಗೆ ಅತಿಭಾರಾರೋಪಣ. ಇಷ್ಟರಲ್ಲೇ ನಿಲ್ಲಿಸಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ.

2021ರ ಮುಂಗಾರಿನಲ್ಲಿ ನಾನು ಮಡಕೆ ಕಟ್ಟಿದೆ. ಪಕ್ಕಕ್ಕೆ ತೂತಿರುವ ಚಿಕ್ಕ ಮಣ್ಣಿನ ಮಡಕೆ, ಹಕ್ಕಿ ಅಂಗಡಿಗಳಲ್ಲೇ ಸಿಗುತ್ತದೆ. ಪಂಜರದ ಮೂಲೆಗೆ ಅದನ್ನು ತಂತಿಯಿಂದ ಬಿಗಿದದ್ದು ನಾನೇ. ಮೊಮ್ಮಗಳು ಮರಿ ನೋಡಬೇಕೆಂದಳು ಎನ್ನುವುದು ನೆಪ, ನೋಡಬೇಕಿದ್ದದ್ದು ನನಗೆ. ತಮ್ಮ ನಾಡಿನಲ್ಲಿ ಈ ಹಕ್ಕಿಗಳು ಮಳೆಯ ಹಿಂದೆ ಅಲೆಯುತ್ತವೆ. ಮಳೆ ಬಿದ್ದು ಹುಲ್ಲು ತೆನೆ ಕಟ್ಟಿದಾಗ ಮರದ ಪೊಟರೆ ಹುಡುಕಿ ಮೊಟ್ಟೆಯಿಡುತ್ತವೆ. ನಮ್ಮ ವರಾಂಡದಲ್ಲಿ ಬಟ್ಟಲು ತುಂಬ ನವಣೆ, ಬರಗು, ಕೊತ್ತಂಬರಿ ಸೊಪ್ಪು, ಮೇಲೊಂದು ಪೊಟರೆ. ಅವುಗಳ ಮೈಗೆ ವರ್ಷವಿಡೀ ಮಳೆಗಾಲ.

ದಿನ ಬಿಟ್ಟು ದಿನ ಐದು ಮೊಟ್ಟೆ. ಒಂದೊಂದಕ್ಕೂ ಹದಿನೆಂಟು ದಿನದ ಕಾವು. ಇಟ್ಟ ಕ್ರಮದಲ್ಲೇ ಒಡೆಯುವುದರಿಂದ ದೊಡ್ಡ ಮರಿಗೂ ಚಿಕ್ಕ ಮರಿಗೂ ಎಂಟು ಹತ್ತು ದಿನದ ಅಂತರ. ಒಂದು ಒಡೆಯಲೇ ಇಲ್ಲ. ಕೊನೆಯ ಮರಿ ಕಡಲೆಬೀಜದಷ್ಟಿತ್ತು, ಕಣ್ಣಿಲ್ಲ, ಪುಕ್ಕವಿಲ್ಲ, ಅಣ್ಣಂದಿರ ಕಾಲಡಿ ಸಿಕ್ಕಿ ಮೂರನೆಯ ದಿನಕ್ಕೆ ಹೋಯಿತು. ಉಳಿದ ಮೂರು ಐದು ವಾರಕ್ಕೆ ಮಡಕೆಯಿಂದ ಇಣುಕಿ ಹೊರಬಂದವು. ಆ ದಿನಗಳ ಸಂಭ್ರಮವನ್ನು ಸುಳ್ಳೆನ್ನಲಾರೆ. ನನ್ನ ಇಬ್ಬರು ಮಕ್ಕಳು ಹುಟ್ಟಿದಾಗಲೂ ನನಗೆ ಅಷ್ಟು ಬಿಡುವಿರಲಿಲ್ಲ. ಆಮೇಲೆ ಮೂರನ್ನೂ ಅವರಿವರಿಗೆ ಕೊಟ್ಟೆವು. ಅವು ಈಗ ಎಂಥ ಪಂಜರದಲ್ಲಿವೆ, ಬಾಗಿಲು ತೆರೆಯುವವರಿದ್ದಾರೆಯೇ ಎಂದು ನಾನು ಕೇಳಿಲ್ಲ, ಕೇಳಲು ಧೈರ್ಯವಿಲ್ಲ.

ಮೂರನೆಯ ಸೂಲಿನಲ್ಲಿ ಚುಕ್ಕಿ ಪಂಜರದ ನೆಲದ ಮೇಲೆ ಪುಕ್ಕ ಉಬ್ಬಿಸಿ ಕೂತುಬಿಟ್ಟಳು. ಮೊಟ್ಟೆ ಕಟ್ಟಿಕೊಂಡಿತ್ತು. ಬಲ್ಬಿನ ಶಾಖ ಕೊಟ್ಟು ರಾತ್ರಿಯಿಡೀ ಕಾದೆವು. ಬೆಳಗಿನ ಜಾವ ಮೊಟ್ಟೆ ಹೊರಬಂತು. ಕ್ಯಾಲ್ಸಿಯಂ ಸಾಲದು ಎಂದರು ಪಶುವೈದ್ಯರು. ಬೇಯಿಸಿದ ಕೋಳಿಮೊಟ್ಟೆ ಕೊಡಿ, ಸಮುದ್ರನೊರೆ ಕಟ್ಟಿ ಎಂದರು. ಮೊಟ್ಟೆಯ ಮಾತು ನಮ್ಮ ಮನೆಯಲ್ಲಿ ಎತ್ತುವಂತಿಲ್ಲ. ಸಮುದ್ರನೊರೆ ತಂದೆ, ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಬಿಳಿ ಬಿಲ್ಲೆ. ಹೆಸರು ನೊರೆಯೆಂದಿದ್ದರೂ ಅದು ಒಂದು ಕಡಲಜೀವಿಯ ಒಳಚಿಪ್ಪು ಎಂದು ಮೊಮ್ಮಗಳು ಮೊಬೈಲಿನಲ್ಲಿ ನೋಡಿ ಸಾರಿದಳು. ಅತ್ತೆ ಆ ದಿನ ವರಾಂಡಕ್ಕೆ ಬರಲಿಲ್ಲ. ಕೊನೆಗೆ ಖನಿಜದ ಬಿಲ್ಲೆ, ನುಗ್ಗೆ ಸೊಪ್ಪು ಎಂದು ದಾರಿ ಮಾಡಿಕೊಂಡೆವು. ಒಂದು ಜೀವವನ್ನು ಹುಟ್ಟಿಸಿದರೆ ಅದರ ಹಿಂದೆ ಇನ್ನೆಷ್ಟು ಜೀವಗಳ ಲೆಕ್ಕ ಬರುತ್ತದೆ ಎಂದು ನನಗೆ ಅಂದು ಹೊಳೆಯಿತು.

ಇನ್ನು ಸಾಕು ಎಂದು ಅಂಗಡಿಯವನಲ್ಲಿ ಹೇಳಿದಾಗ ಅವನಿಗೆ ಇದು ಸಮಸ್ಯೆಯೇ ಅಲ್ಲ. 'ಮೊಟ್ಟೆ ಬೇಯಿಸಿ ವಾಪಸ್ ಇಟ್ಬಿಡಿ. ಇಲ್ಲಾಂದ್ರೆ ಪ್ಲಾಸ್ಟಿಕ್ ಮೊಟ್ಟೆ ಸಿಗುತ್ತೆ, ಅದಕ್ಕೆ ಗೊತ್ತಾಗಲ್ಲ.'

ಪ್ಲಾಸ್ಟಿಕ್ ಮೊಟ್ಟೆ ಎಂದೊಡನೆ ನನಗೆ ನೆನಪಾದದ್ದು ಜನ್ನ. 1209ರ ಯಶೋಧರ ಚರಿತೆಯನ್ನು ಎಷ್ಟು ತಂಡಗಳಿಗೆ ಪಾಠ ಮಾಡಿದ್ದೇನೋ. ಜೀವವಿರುವ ಕೋಳಿಯನ್ನು ಕೊಲ್ಲಲಾರೆನೆಂದು ಯಶೋಧರ ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಸತ್ತದ್ದು ಹಿಟ್ಟು, ಆದರೂ ಮಗ ನವಿಲಾಗಿ, ತಾಯಿ ನಾಯಾಗಿ, ಮುಂದೆ ಮತ್ತೇನೇನೋ ಆಗಿ ಜನ್ಮಜನ್ಮ ಅಲೆಯುತ್ತಾರೆ. ಕೊಂದದ್ದು ಸಂಕಲ್ಪ ಎಂದು ಮಕ್ಕಳಿಗೆ ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಕೊನೆಯಲ್ಲಿ ಅವರಿಬ್ಬರೂ ಕೋಳಿಗಳಾಗಿ ಪಂಜರದಲ್ಲಿರುತ್ತಾರೆ. ಧರ್ಮವಾಕ್ಯ ಕಿವಿಗೆ ಬಿದ್ದು ಹಿಗ್ಗಿ ಕೂಗಿದಾಗ ಆ ಸದ್ದಿಗೆ ಗುರಿಯಿಟ್ಟು ಬಾಣ ಬಿಡುವವನು ಯಶೋಧರನದೇ ಮಗ, ತನ್ನ ಶಬ್ದವೇಧಿ ಜಾಣ್ಮೆಯನ್ನು ಹೆಂಡತಿಗೆ ತೋರಿಸಲು. ಪಂಜರದ ಹಕ್ಕಿಗೂ ವ್ರತ ಹಿಡಿಯುವಷ್ಟು ಮನಸ್ಸಿದೆ ಎಂಬ ಮಾತನ್ನು ಹಾಗೇ ದಾಟಿಹೋಗಿದ್ದೆನಲ್ಲ ಎಂದು ಈಗ ನಾಚಿಕೆ.

ಮೊಟ್ಟೆ ಬೇಯಿಸಿದರೆ ಜೀವವೂ ಇದೆ, ಸಂಕಲ್ಪವೂ ಇದೆ. ಅದಂತೂ ಆಗದ ಮಾತು. ಪ್ಲಾಸ್ಟಿಕ್ ಇಟ್ಟರೆ ನಿಜದ ಮೊಟ್ಟೆಯನ್ನು ಎಲ್ಲಿಡಲಿ? ಅದಿರಲಿ, ನನ್ನನ್ನು ಕಾಡಿದ್ದು ಅದರ ಹಿಂದಿನ ಗಳಿಗೆ. ಮಡಕೆ ಕಟ್ಟುವಾಗ ಯಾರನ್ನೂ ಕೊಲ್ಲುವ ಯೋಚನೆ ನನಗಿರಲಿಲ್ಲ. ಹುಟ್ಟಿಸುವ ಯೋಚನೆಯಿತ್ತು. ಕೊಲ್ಲುವುದಕ್ಕೆ ನಮ್ಮಲ್ಲಿ ನೂರು ಬಗೆಯ ವಿಂಗಡಣೆಯಿದೆ, ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂದು. ಹುಟ್ಟಿಸುವುದಕ್ಕೆ ಅಂಥ ಲೆಕ್ಕ ನನಗೆ ಸಿಗಲಿಲ್ಲ. ಇನ್ನೊಮ್ಮೆ ಹುಟ್ಟದಂತಾಗಲಿ ಎಂದು ಬೆಳಿಗ್ಗೆ ಜಿನನ ಮುಂದೆ ಅಕ್ಕಿ ಇಡುವ ಕೈ, ಹತ್ತು ಗಂಟೆಗೆ ವರಾಂಡದಲ್ಲಿ ಇನ್ನೊಂದು ಜೀವ ಹುಟ್ಟಲೆಂದು ತಂತಿ ಬಿಗಿಯುತ್ತದೆ, ಅದೂ ಪಂಜರದೊಳಗೆ.

ಪಂಡಿತರು ಇದನ್ನು ಒಪ್ಪಲಿಲ್ಲ. ಆ ಜೀವಗಳು ತಮ್ಮ ಆಯುಷ್ಯಕರ್ಮದಿಂದ ಬಂದವು, ನೀವು ನಿಮಿತ್ತಮಾತ್ರ ಎಂದರು. ಹಾಗೆ ನೋಡಿದರೆ ಕಟುಕನೂ ನಿಮಿತ್ತಮಾತ್ರವೇ ಎಂದೆ. ಅವರು ನಕ್ಕು, 'ನಿಮ್ಮ ಹತ್ತಿರ ವಾದ ಮಾಡೋಕಾಗಲ್ಲ' ಎಂದು ಪುಸ್ತಕ ಮಡಿಸಿದರು. ಗೆದ್ದೆನೆಂದು ನನಗೆ ಅನ್ನಿಸಲಿಲ್ಲ. ನಮ್ಮವರು ಇನ್ನೊಂದು ಹೇಳಿದರು: 'ಇಲ್ಲಿ ಹುಟ್ಟದೆ ಹೋದ ಮರಿ ಎಲ್ಲೋ ಕಾಗೆ ಬಾಯಲ್ಲಿ ಹುಟ್ಟಿದ್ದರೆ?' ಇದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಆದರೆ ಈ ಪ್ರಶ್ನೆ ಹುಟ್ಟಿದ್ದು ಮರಿಯ ಮೇಲಿನ ಕರುಣೆಯಿಂದಲೋ, ಮರಿ ನೋಡುವ ಆಸೆಯಿಂದಲೋ ಎಂದು ಅವರ ಮುಖ ನೋಡಿದೆ. ಅವರೂ ಮರಿಗಳನ್ನು ಬಹಳ ಹಚ್ಚಿಕೊಂಡಿದ್ದರು.

ಈಗ ಎರಡು ಪಂಜರ. ಮಡಕೆ ಬಿಚ್ಚಿದೆವು, ಪಚ್ಚೆಯನ್ನು ಬೇರೆ ಹಾಕಿದೆವು. ಪಂಜರಗಳನ್ನು ಒತ್ತಿ ಇಟ್ಟಿದ್ದೇವೆ. ಅವನು ಈ ಕಡೆಯ ಕೋಲಿನ ತುದಿಯಲ್ಲಿ, ಅವಳು ಆ ಕಡೆಯ ಕೋಲಿನ ತುದಿಯಲ್ಲಿ, ನಡುವೆ ತಂತಿ, ಭುಜಕ್ಕೆ ಭುಜ ತಾಗಿಸಿ ನಿದ್ದೆ. ಮಧ್ಯಾಹ್ನದ ಹಾರಾಟಕ್ಕೂ ಸರದಿ ಬಂದಿದೆ, ಅವಳಿಗೊಂದು ಗಂಟೆ, ಅವನಿಗೊಂದು ಗಂಟೆ. ಕೇಳದವರಿಗೆ ಬ್ರಹ್ಮಚರ್ಯ ಕೊಟ್ಟಿದ್ದೇನೆ. ಅದೂ ಒಂದು ಬಂಧವೇ, ಮೊದಲಿಗಿಂತ ಬಿಗಿ. ಕಳೆದ ಶ್ರಾವಣದಲ್ಲಿ ಚುಕ್ಕಿ ಪಂಜರದ ಬರಿನೆಲದ ಮೇಲೆ ಎರಡು ಮೊಟ್ಟೆಯಿಟ್ಟಳು. ಗಂಡಿಲ್ಲದೆ ಇಟ್ಟ ಬರಿಯ ಮೊಟ್ಟೆ, ಒಳಗೆ ಯಾರೂ ಇಲ್ಲ. ತೆಗೆಯಬೇಡ, ಅವಳಿಗೇ ಬೇಸರವಾಗಲಿ ಎಂದರು ಅತ್ತೆ. ಮೂರು ವಾರ ಕಾವು ಕೂತಳು. ಅತ್ತೆ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ದಿನ ಗುರುತು ಹಾಕುತ್ತಿದ್ದರು. ಇಪ್ಪತ್ತಮೂರನೆಯ ದಿನ ಚುಕ್ಕಿ ಎದ್ದು ಕಾಳಿನ ಬಟ್ಟಲಿಗೆ ಹೋದಳು, ತಿರುಗಿ ನೋಡಲಿಲ್ಲ.

ಮಡಕೆ ಅಟ್ಟದ ಮೇಲಿದೆ, ಹಳೆಯ ಪಂಚಾಂಗದಲ್ಲಿ ಸುತ್ತಿಟ್ಟಿದ್ದೇನೆ. ಹಬ್ಬಕ್ಕೆ ಮನೆ ಸಾರಿಸುವಾಗ ಅತ್ತೆ ಕೆಳಗಿನಿಂದಲೇ ಅದನ್ನು ನೋಡಿ, 'ಯಾಕಮ್ಮ, ಇನ್ನೂ ಎಸೆದಿಲ್ವಾ?' ಎಂದರು. ಕೇಳಿಸದವಳಂತೆ ಕಸಬರಿಕೆ ಆಡಿಸಿದೆ.